ಟಕ್

ಇಸ್ತ್ರಿಪೆಟ್ಟಿಗೆಗೂ ಕಿವಿ ಇದೆ
ಅನ್ನುತ್ತಿದ್ದ ಮೌಲಾಲಿ.
ಕಾದು ಕಾದು, ಇನ್ನು ಬಟ್ಟೆ ಸುಟ್ಟೀತು ಅನ್ನುವಷ್ಟರಲ್ಲಿ
ಒಳಗೆಲ್ಲೋ ಟಕ್.
ಕೆಂಪು ದೀಪ ಆರುತ್ತದೆ.
ತಣಿಯುತ್ತ ತಣಿಯುತ್ತ ಬಂದರೆ
ಮತ್ತೆ ಟಕ್.
ದಿನಕ್ಕೆಷ್ಟು ಸಲವೋ, ಯಾರೂ ಎಣಿಸಿಲ್ಲ.
ನಾನು ಎಣಿಸುವುದು ಪ್ಯಾಂಟು,
ದಾರ ಕತ್ತರಿಸಿದ್ದಕ್ಕೆ ಒಂದಕ್ಕೆ ಎಂಬತ್ತು ಪೈಸೆ.

ಬಳ್ಳಾರಿಯ ಏಪ್ರಿಲ್.
ಗುಡ್ಡ ಹಗಲೆಲ್ಲ ಬಿಸಿಲು ಕುಡಿದು
ರಾತ್ರಿ ಎರಡರ ತನಕ ಊರ ಮೇಲೆ ಉಗುಳುತ್ತದೆ.
ಕಲ್ಲಿಗೇನು, ಬಂದರೆ ಕಾಯುತ್ತದೆ, ಹೋದರೆ ಆರುತ್ತದೆ.
ಶೆಡ್ಡಿನ ತಗಡೂ ಹಾಗೇ.
ತಗಡಿನ ಕೆಳಗೆ ಹದಿನಾಲ್ಕು ಮಂದಿ ನಾವು,
ಹೊರಗೆ ನಲವತ್ತಮೂರು ಇದ್ದರೂ
ಮೂವತ್ತೇಳರ ಗೆರೆ ದಾಟದ ಹಾಗೆ
ದಿನವಿಡೀ ಒದ್ದೆಯಾಗುತ್ತ, ಆರುತ್ತ.
ಯಾರು ಎಳೆದರೋ ಆ ಗೆರೆ.

ಪಾಯಖಾನೆಗೆ ಚಿಲಕವಿಲ್ಲ.
ಅದಕ್ಕೇ ನಾನೂ ಹುಲಿಗೆಮ್ಮನೂ
ನೀರು ಕುಡಿಯುವುದು ಕಮ್ಮಿ.
ಒಳಗಿನ ಲೆಕ್ಕಗಾರ ಜಿಪುಣನಾಗುತ್ತಾನೆ,
ಚೆಲ್ಲಬಹುದಾದ ಹನಿಯನ್ನೂ ಹಿಂದಕ್ಕೆಳೆದು
ರಕ್ತಕ್ಕೆ ಜಮಾ ಮಾಡುತ್ತಾನೆ.
ಸಂಜೆಗೆ ಅರಿಶಿನ ಕದಡಿದಂಥ ಅರ್ಧ ಲೋಟ, ಉರಿ.
ನಾಲಿಗೆಗೆ ಹೇಳಿ ಕಳಿಸುತ್ತಾನೆ: ಕೇಳು, ಕೇಳುತ್ತಲೇ ಇರು.
ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.
ಅವನೂ ಬಿಡುವವನಲ್ಲ.

ಮೌಲಾಲಿಯ ಅಂಗಿಯ ಬೆನ್ನಿಗೆ
ಉಪ್ಪಿನದೊಂದು ನಕಾಶೆ ಇರುತ್ತಿತ್ತು,
ದಿನಕ್ಕೊಂದು ಆಕಾರ.
"ಇವತ್ತು ಯಾವ ದೇಶಲೇ?" ಅಂತ ನಗುತ್ತಿದ್ದೆವು.

ಆ ವಾರವೇ ಅವನ ಪೆಟ್ಟಿಗೆ ಕೆಟ್ಟಿತ್ತು.
ಹದಿನಾರು ಪ್ಯಾಂಟಿನ ತೊಡೆಯ ಮೇಲೆ
ಕಂದು ಬಣ್ಣದ ದೋಣಿ.
ಬಿಚ್ಚಿ ನೋಡಿದ ಮೆಕ್ಯಾನಿಕ್ ತೋರಿಸಿದ:
ಎರಡು ತಾಮ್ರದ ತುಟಿ
ಕರಗಿ ಒಂದಕ್ಕೊಂದು ಅಂಟಿವೆ.
ಬಿಡಬೇಕಾದಾಗ ಬಿಟ್ಟಿಲ್ಲ.
ಸೇಠು ಹದಿನಾರರ ದುಡ್ಡು ಹಿಡಿದ.

ಮಂಗಳವಾರ ಮೂರು ಗಂಟೆ.
ಮೌಲಾಲಿ ನನ್ನನ್ನು ಬೀಬಿಜಾನ್ ಅಂತ ಕರೆದ.
ಬೀಬಿಜಾನ್ ಅವನಕ್ಕ, ಇರುವುದು ಮಾನ್ವಿಯಲ್ಲಿ.
ನಾವು ನಕ್ಕೆವು. ಅವನೂ ನಕ್ಕ, ತಡವಾಗಿ.
ಅಂಗಿ ಒಣಗಿತ್ತು.
ಹಾಯಾಗಿದ್ದಾನೆ ಅಂದುಕೊಂಡೆ ನಾನು, ದೇವರಾಣೆ,
ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಗುಂಡಿ ಹಚ್ಚುವ ಈರಮ್ಮ
ಕನ್ನಡಕ ಮೇಲೆತ್ತಿ ಅವನ ಹಣೆ ನೋಡಿದಳು,
ಎದ್ದು ಹೋಗಿ ಅಂಗೈ ಇಟ್ಟಳು,
ಸುಟ್ಟವಳಂತೆ ಕಿತ್ತಳು.
"ಬೆವರು ನಿಂತೈತಲ್ಲೇ ಇವನಿಗೆ! ನೀರು ತರ್ರಿ, ನೀರು!"

ನೀರು ಎಲ್ಲಿ? ಕೊಡ ಖಾಲಿ.
ತೊಳೆಯುವ ಕಡೆಯಿಂದ ಹುಡುಗರು
ಹಿಂಡದ ಪ್ಯಾಂಟುಗಳನ್ನೇ ತಬ್ಬಿಕೊಂಡು ಓಡಿ ಬಂದರು.
ಅವನನ್ನು ನೆಲಕ್ಕೆ ಮಲಗಿಸಿ
ಕುತ್ತಿಗೆಗೊಂದು, ಕಂಕುಳಿಗೆರಡು, ಎದೆಗೆ, ತೊಡೆಗೆ,
ಶೆಡ್ಡಿನ ಎರಡೂ ಫ್ಯಾನು ಅವನತ್ತ ತಿರುಗಿಸಿ
ಬಿಸಿಯಾದದ್ದು ತೆಗೆ, ಒದ್ದೆಯದು ಹೊದಿಸು,
ತೆಗೆ, ಹೊದಿಸು.
ನೀಲಿ ನೀರು ನಮ್ಮ ಕಾಲಡಿ ಹರಿಯಿತು.
ಯಾವ ಊರಿನ ಯಾರ ಸೊಂಟಕ್ಕೆ ಹೊಲಿದವೋ,
ಅವನ ಮೈ ಮರೆತ ಕೆಲಸವನ್ನು
ಆ ಪ್ಯಾಂಟುಗಳು ಮಾಡಿದವು.
ಅವನಿಗಾಗಿ ಬೆವತವು.

ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನ.
ಅಲ್ಲಿಯ ನರ್ಸು ಈರಮ್ಮನ ಹೆಸರು ಕೇಳಿ
ಅಂಗೈ ಮೇಲೆ ಬರೆದುಕೊಂಡಳಂತೆ, ಯಾಕೋ.

ಮತ್ತೆ ಬಂದಾಗ ಅರ್ಧ ಮೈಯಾಗಿದ್ದ,
ಕಿವಿಯ ಹಿಂದೆ ಮಾಸದ ನೀಲಿ.
ಹೊಸ ಪೆಟ್ಟಿಗೆ. ಎಲ್ಲರೂ ನಮ್ಮ ನಮ್ಮ ಕೆಲಸ
ಮಾಡುತ್ತಿದ್ದಂತೆ ನಟಿಸುತ್ತಿದ್ದೆವು.
ಹನ್ನೊಂದರ ಸುಮಾರಿಗೆ
ಅವನ ಕೂದಲ ಅಂಚಿನಲ್ಲೊಂದು ಹನಿ
ಮೂಡಿತು, ತಡೆಯಿತು, ಹುಬ್ಬಿಗೆ ಇಳಿಯಿತು.
ಈರಮ್ಮ ಸೂಜಿಗೆ ದಾರ ಪೋಣಿಸಿದಳು.

ಪಾಯಖಾನೆ ಬಾಗಿಲಿಗೆ ಹುಲಿಗೆಮ್ಮ
ಪ್ಯಾಂಟಿನ ಹಿತ್ತಾಳೆ ಗುಂಡಿ ಬಡಿದಿದ್ದಾಳೆ,
ಚೌಕಟ್ಟಿಗೆ ಸೊಂಟಪಟ್ಟಿಯ ತುಂಡು, ಕಾಜದ ಸಮೇತ.
ಎಳೆದು ಹಾಕಿದರೆ ಗಟ್ಟಿ ನಿಲ್ಲುತ್ತದೆ.
ಇವತ್ತು ಐದು ಲೋಟ ಕುಡಿದೆ.
ಟಕ್ ಅಂತು ಪೆಟ್ಟಿಗೆ.
ನನ್ನ ಪ್ಯಾಂಟಿನ ಲೆಕ್ಕ ತಪ್ಪಿತು,
ಅರವತ್ತೋ, ಅರವತ್ತೊಂದೋ.